ಹಾಡುಗಬ್ಬದ ಕವಿ ಕಂಬಾರರು

'ಪದ' ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥಗಳುಂಟು. ಶಾಲೆಯಲ್ಲಿ ವ್ಯಾಕರಣದ ಪಾಠ ಹೇಳುವಾಗ ವಿಭಕ್ತಿಪ್ರತ್ಯಯ ಹತ್ತಿದ ಶಬ್ದವು ಪದವೆನಿಸಿಕೊಳ್ಳುತ್ತದೆ. ಅದೇ ಶಾಲೆಯ ಬಾಗಿಲು ದಾಟಿ ತೆಲಿಗಿಯ ಓಣಿಗೆ ಬಂದಿರೋ, ಅಲ್ಲಿ ಪದವೆಂದರೆ ಹಾಡು. 'ಒಂದು ಪದಾ ಹೇಳಬೇ' ಎಂದು ಮೊಮ್ಮಗಳು ಕೇಳಿದರೆ ಅಜ್ಜಿಯು ನಾಮಪದವನ್ನೋ ಕ್ರಿಯಾಪದವನ್ನೋ ಹೇಳಲು ಕೂಡುವುದಿಲ್ಲ; ಬೀಸುವ ಕಲ್ಲಿನ ಹಾಡೊಂದನ್ನು ಎತ್ತಿಕೊಳ್ಳುತ್ತಾಳೆ. ಇಲ್ಲಿಯೇ ಇನ್ನೊಂದು ಸೂಕ್ಷ್ಮವನ್ನು ತಾವು ಗಮನಿಸಬೇಕು. ಪದವನ್ನು 'ಹಾಡು' ಎಂದು ಅವಳು ಕೇಳಲಿಲ್ಲ, 'ಹೇಳು' ಎಂದು ಕೇಳಿದಳು. ಹೇಳುವುದೂ ಹಾಡುವುದೂ ನಮ್ಮ ಸೀಮೆಯ ಕಿವಿಗೆ ಒಂದೇ ಕೆಲಸ.

ಇವೆರಡನ್ನು ಬೇರ್ಪಡಿಸಿದವರು ಓದಿದವರು. ಮಾತನ್ನು ಸಾಹಿತ್ಯವೆಂದು ಒಂದು ಕಪಾಟಿನಲ್ಲಿಟ್ಟರು. ರಾಗತಾಳಗಳನ್ನು ಸಂಗೀತವೆಂದು ಎರಡನೆಯದರಲ್ಲಿಟ್ಟರು. ವೇಷ ಕುಣಿತಗಳನ್ನು ನಾಟಕವೆಂದು ಮೂರನೆಯದರಲ್ಲಿಟ್ಟು, ಹಳ್ಳಿಯವರ ಹಾಡನ್ನೆಲ್ಲ ಕಟ್ಟಿ ಜಾನಪದವೆಂಬ ಹೆಸರಿನಿಂದ ಅಟ್ಟದ ಮೇಲೆ ಹಾಕಿದರು. ಈ ಕಪಾಟುಗಳನ್ನೆಲ್ಲ ತನ್ನ ಒಂದೇ ಜೀವಿತದಲ್ಲಿ ತೆರೆದು ತೋರಿಸಿದ ಒಬ್ಬ ಕವಿಯ ವಿಷಯವಾಗಿ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅವರೇ ಚಂದ್ರಶೇಖರ ಕಂಬಾರರು. ಕವಿ, ನಾಟಕಕಾರ, ಕಾದಂಬರಿಕಾರ, ಚಲನಚಿತ್ರ ನಿರ್ದೇಶಕ, ಸಂಗೀತ ಸಂಯೋಜಕ, ಜಾನಪದ ವಿದ್ವಾಂಸ, ವಿಶ್ವವಿದ್ಯಾಲಯದ ಕುಲಪತಿ, ಇವೆಲ್ಲ ಅವರಿಗೆ ಸಲ್ಲುವ ಹೆಸರುಗಳೇ. ಒಬ್ಬ ಮನುಷ್ಯ ಇಷ್ಟು ಕಡೆ ಕೈಹಾಕುವುದು ಹೇಗೆ ಸಾಧ್ಯವಾಯಿತೆಂದು ಕೆಲವರು ಅಚ್ಚರಿಪಡುತ್ತಾರೆ. ನನಗೆ ತೋರುವ ಉತ್ತರ ಸುಲಭವಾದುದು. ಅವರು ಮಾಡಿದ್ದು ಒಂದೇ ಕೆಲಸ, ಪದ ಹೇಳುವ ಕೆಲಸ. ಉಳಿದವೆಲ್ಲ ಆ ಪದ ಹೊಕ್ಕು ಬಂದ ಮನೆಗಳು.

ಕಂಬಾರರು ಹುಟ್ಟಿದ್ದು ೧೯೩೭ರ ಜನವರಿ ೨ರಂದು, ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ. ಹೆಸರೇ ಹೇಳುವಂತೆ ಕಬ್ಬಿಣ ಕಾಯಿಸಿ ಬಡಿಯುವ ಮನೆತನ. ಬಡತನದಿಂದ ಓದು ನಿಂತುಹೋಗುವ ಹೊತ್ತಿನಲ್ಲಿ ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಕೈಹಿಡಿದರು. ಗೋಕಾಕ, ಬೆಳಗಾವಿ, ಧಾರವಾಡಗಳಲ್ಲಿ ವಿದ್ಯಾಭ್ಯಾಸ ಮುಂದುವರಿಯಿತು. ಆ ಋಣದ ನೆನಪಾಗಿ ಸಾವಳಗಿಯ ಶಿವಲಿಂಗನು ಅವರ ಪದಗಳಲ್ಲಿ ಮತ್ತೆ ಮತ್ತೆ ಬರುತ್ತಾನೆ. ಅವರ ಕಥೆಗಳೆಲ್ಲ ನಡೆಯುವ ಊರಿಗೆ ಶಿವಾಪುರವೆಂದು ಹೆಸರು.

ಆ ಸೀಮೆಯು ಆಟಪಾಟಗಳ ಸೀಮೆ. ಶ್ರೀಕೃಷ್ಣ ಪಾರಿಜಾತ, ಸಣ್ಣಾಟ, ದೊಡ್ಡಾಟ, ಲಾವಣಿ, ಗೀಗೀ ಪದ, ಒಂದಲ್ಲ ಒಂದು ಪ್ರತಿ ಊರಿನಲ್ಲಿ. ಇವುಗಳ ಪರಿಚಯ ತಮಗೆ ಬೇಕಾಗಿಲ್ಲ. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳ ಕಡೆಯವರು ದೊಡ್ಡಾಟ ಕಂಡವರೇ. ಸುಗ್ಗಿ ಮುಗಿದ ಮೇಲೆ ಅಟ್ಟ ಕಟ್ಟಿ, ಮದ್ದಳೆಯವನು, ತಾಳದವನು, ಹಾರ್ಮೋನಿಯಂ ಮಾಸ್ತರರು ಹಿಂದೆ ನಿಂತು, ಬೆಳಗಾಗುವ ತನಕ ಆಡುವ ಆಟವದು. ಅಲ್ಲಿ ಪಾತ್ರಧಾರಿಯು ಪದ ಹೇಳುತ್ತಾನೆ, ಹಿಮ್ಮೇಳ ಅದನ್ನು ಎತ್ತಿ ಹಿಡಿಯುತ್ತದೆ, ಪದ ಮುಗಿದೊಡನೆ ಕುಣಿತ, ಕುಣಿತ ನಿಂತೊಡನೆ ಮಾತು. ಇದು ಸಾಹಿತ್ಯವೋ ಸಂಗೀತವೋ ನೃತ್ಯವೋ ಎಂದು ಆ ಅಟ್ಟದ ಮುಂದೆ ಕುಳಿತವರು ಯಾರೂ ಕೇಳುವುದಿಲ್ಲ. ಕಂಬಾರರ ಕಿವಿ ಹದಗೊಂಡದ್ದು ಇಂಥ ಆಟಗಳ ನಡುವೆ. ಕುಲುಮೆಯ ಮುಂದೆ ಎರಡು ಸುತ್ತಿಗೆಗಳು ಒಂದನ್ನೊಂದು ತಾಕದೆ ಸರದಿಯಂತೆ ಬೀಳಬೇಕಾದರೂ ತಾಳ ಬೇಕಷ್ಟೆ!

ಅವರ ಮೊದಲ ಕವನಸಂಗ್ರಹ 'ಮುಗುಳು' ೧೯೫೮ರಲ್ಲಿ ಬಂದಿತು. ಆದರೆ ಜನ ತಿರುಗಿ ನೋಡಿದ್ದು ೧೯೬೪ರ 'ಹೇಳತೇನ ಕೇಳ' ಎಂಬ ಕಾವ್ಯವನ್ನು. ಹೆಸರಿನಲ್ಲಿಯೇ ಎಲ್ಲವೂ ಇದೆ. ಹೇಳುವವನೊಬ್ಬ, ಕೇಳುವವನೊಬ್ಬ, ನಡುವೆ ಪುಸ್ತಕದ ಮಾತೇ ಇಲ್ಲ. ಆ ಕಾಲವು ನವ್ಯಕಾವ್ಯದ ಕಾಲ. ಕವಿಗಳು ಪ್ರಾಸವನ್ನೂ ಹಾಡುಗತ್ತನ್ನೂ ಕಳಚಿ, ಏಕಾಂತದಲ್ಲಿ ಕುಳಿತು ಕಣ್ಣಿನಿಂದ ಓದಬೇಕಾದ ಪದ್ಯ ಬರೆಯುತ್ತಿದ್ದರು. ಅಂಥ ವೇಳೆಯಲ್ಲಿ ಬೆಳಗಾವಿಯ ಹಳ್ಳಿಯ ನುಡಿಯಲ್ಲಿ, ಲಾವಣಿಯ ಗತ್ತಿನಲ್ಲಿ, ಸಭೆಯ ನಡುವೆ ಎದ್ದುನಿಂತು ಹಾಡಬಹುದಾದ ಕಥನಕಾವ್ಯವೊಂದು ಬಂದರೆ ಪಂಡಿತವರ್ಗ ಹುಬ್ಬೇರಿಸುವುದು ಸಹಜವೇ. ಕಂಬಾರರು ಅದನ್ನು ಸಭೆಗಳಲ್ಲಿ ತಾವೇ ಹಾಡಿದರು. ಕೇಳಿದವರಿಗೆ ಅನುಮಾನ ಉಳಿಯಲಿಲ್ಲ.

ಇಲ್ಲಿ ಛಂದಸ್ಸಿನ ಒಂದು ಮಾತು ಹೇಳಿದರೆ ತಮಗೆ ಬೇಸರವಾಗಲಾರದೆಂದು ನಂಬುತ್ತೇನೆ. ಸಂಸ್ಕೃತದಿಂದ ಬಂದ ವೃತ್ತಗಳಲ್ಲಿ ಗುರುಲಘುಗಳ ಲೆಕ್ಕ ಕಟ್ಟುನಿಟ್ಟು. ಕನ್ನಡ ನೆಲದಲ್ಲೇ ಹುಟ್ಟಿದ ತ್ರಿಪದಿ, ಏಳೆ, ಅಕ್ಕರಗಳ ಲೆಕ್ಕವೇ ಬೇರೆ. ಅವನ್ನು ಅಳೆಯುವುದು ಅಂಶಗಣಗಳಿಂದ. ತ್ರಿಪದಿಗೆ ಒಟ್ಟು ಹನ್ನೊಂದು ಗಣ. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಇದು ಲಕ್ಷಣ. ಆದರೆ ಪುಸ್ತಕದಲ್ಲಿ ಅಚ್ಚಾದ ಗರತಿಯ ಹಾಡನ್ನು ಈ ಲೆಕ್ಕಕ್ಕೆ ಹಿಡಿದು ನೋಡಿ, ಒಂದು ಕಡೆ ಅಕ್ಷರ ಕಡಿಮೆ, ಇನ್ನೊಂದು ಕಡೆ ಹೆಚ್ಚು ಎನ್ನಿಸುತ್ತದೆ. ತರಗತಿಯಲ್ಲಿ ಇದನ್ನು ನಾನು ವರ್ಷವರ್ಷವೂ ಕಾಣುತ್ತೇನೆ. ಚುರುಕಾದ ಹುಡುಗನೊಬ್ಬ ಎದ್ದು ಗದ್ಯದಂತೆ ಓದಿ ಮಧ್ಯದಲ್ಲಿ ಎಡವುತ್ತಾನೆ. ಹಿಂದಿನ ಸಾಲಿನಲ್ಲಿ ಕುಳಿತ, ಮನೆಯಲ್ಲಿ ಸೋಬಾನೆ ಕೇಳಿ ಬೆಳೆದ ಹುಡುಗಿ ಅದನ್ನೇ ಎಳೆದು ಹಾಡುತ್ತಾಳೆ. ಕಡಿಮೆಯಾದ ಅಕ್ಷರ ಉದ್ದವಾಗಿ ಜಾಗ ತುಂಬುತ್ತದೆ, ಹೆಚ್ಚಾದದ್ದು ಅಡಕವಾಗಿ ಹೊಂದಿಕೊಳ್ಳುತ್ತದೆ. ಕೊರತೆಯಿದ್ದದ್ದು ಪದ್ಯದಲ್ಲಿ ಅಲ್ಲವೆಂದು ಇಡೀ ತರಗತಿಗೆ ತಿಳಿಯುತ್ತದೆ. ಕನ್ನಡದ ದೇಸಿ ಛಂದಸ್ಸು ಹಾಡುವ ಗಂಟಲನ್ನು ನಂಬಿಕೊಂಡು ಹುಟ್ಟಿದ್ದು. ಕಂಬಾರರ ಪದ್ಯಗಳನ್ನೂ ಹೀಗೆಯೇ ಓದಬೇಕು, ಅಂದರೆ ಹಾಡಿ ನೋಡಬೇಕು.

ಇದು ಅವರು ಹೊಸದಾಗಿ ಕಡಿದ ದಾರಿಯೂ ಅಲ್ಲ. ನಮ್ಮ ಹರಪನಹಳ್ಳಿಯ ಭೀಮವ್ವನನ್ನು ನೆನೆಯಿರಿ. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಳಿ ೧೯೦೨ರಲ್ಲಿ ತೀರಿಕೊಂಡ ಈ ಹರಿದಾಸಿಯು 'ಭೀಮೇಶಕೃಷ್ಣ' ಎಂಬ ಅಂಕಿತದಲ್ಲಿ ದೇವರನಾಮ ರಚಿಸಿದಳು, ನಳಚರಿತ್ರೆ, ಸುದಾಮಚರಿತ್ರೆಗಳಂಥ ದೀರ್ಘ ಕಥೆಗಳನ್ನೂ ಹಾಡಾಗಿ ಕಟ್ಟಿದಳು. ಭಕ್ತಿಗೊಂದು, ಕಥೆಗೊಂದು, ಹೆಂಗಳೆಯರ ಸಂಪ್ರದಾಯಕ್ಕೊಂದು ಎಂದು ಅವಳು ಬೇರೆ ಬೇರೆ ಬಾಯಿ ಇಟ್ಟುಕೊಂಡಿರಲಿಲ್ಲ. ಕಟ್ಟುವವರೂ ಹಾಡುವವರೂ ಒಬ್ಬರೇ ಆಗಿರುವುದು ಕನ್ನಡದಲ್ಲಿ ಹಳೆಯ ಪದ್ಧತಿ. ಅದನ್ನು ಕಂಬಾರರು ನಮ್ಮ ಕಾಲದ ಪಟ್ಟಣಗಳಿಗೆ ತಂದರು.

ಮೊದಲು ತಂದದ್ದು ರಂಗಭೂಮಿಗೆ. ೧೯೭೨ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಬಿ. ವಿ. ಕಾರಂತರು ಮೂರು ನಾಟಕಗಳನ್ನು ಆಡಿಸಿದರು. ಲಂಕೇಶರು ಕನ್ನಡಿಸಿದ ಗ್ರೀಕ್ ನಾಟಕ ಈಡಿಪಸ್ ಒಂದು. ಲಂಕೇಶರದೇ 'ಸಂಕ್ರಾಂತಿ' ಮತ್ತೊಂದು. ಕಂಬಾರರ 'ಜೋಕುಮಾರಸ್ವಾಮಿ' ಮೂರನೆಯದು. ಜೋಕುಮಾರನನ್ನು ತಾವು ಬಲ್ಲಿರಿ. ಭಾದ್ರಪದ ಮಾಸದಲ್ಲಿ ಗಣಪನು ಹೋದ ಮೇಲೆ ಬರುವವನು. ಮಣ್ಣಿನ ಮೂರ್ತಿಯನ್ನು ಬೇವಿನೆಲೆ ಹಾಸಿದ ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು ಹೆಣ್ಣುಮಕ್ಕಳು ಮನೆಮನೆಗೆ ಬರುತ್ತಾರೆ, ಅಂಗಳದಲ್ಲಿ ಕುಳಿತು ಅವನ ಪದ ಹೇಳುತ್ತಾರೆ, ಮೊರದಲ್ಲಿ ಜೋಳ ಕೊಟ್ಟರೆ ಬೇವಿನೆಲೆ ಕೊಟ್ಟು ಹೋಗುತ್ತಾರೆ. ಅದನ್ನು ಹೊಲಕ್ಕೆ ಚೆಲ್ಲಿದರೆ ಬೆಳೆಗೆ ಸಮೃದ್ಧಿ ಎಂದು ನಂಬಿಕೆ. ಹುಣ್ಣಿಮೆಯ ರಾತ್ರಿ ಅವನ ಆಯುಷ್ಯ ಮುಗಿಯುತ್ತದೆ. ಫಲಕ್ಕಾಗಿ ಬದುಕಿ ಫಲ ಕೊಟ್ಟು ಸಾಯುವ ದೇವರು ಇವನು.

ಈ ಅಂಗಳದ ಪದವನ್ನು ಕಂಬಾರರು ಆಟವಾಗಿ ಕಟ್ಟಿದರು. ಆಟದ ಆರಂಭದಲ್ಲಿ ಪದ್ಧತಿಯಂತೆ ಗಣಪತಿಗೆ ಸಲ್ಲಬೇಕಾದ ಪೂಜೆಯು ಜೋಕುಮಾರನಿಗೆ ಸಲ್ಲುತ್ತದೆ. ಬಂದೂಕಿನ ಬಲದಿಂದ ಊರ ಹೊಲವನ್ನೆಲ್ಲ ತನ್ನದೆನ್ನುವ, ಆದರೆ ಮಕ್ಕಳಾಗದ ಗೌಡ ಒಂದು ಕಡೆ. ಮಗುವಿಗಾಗಿ ಹಂಬಲಿಸುವ ಗೌಡತಿ ನಡುವೆ. ಆ ಹೊಲದಲ್ಲಿ ಬೆವರು ಸುರಿಸುವ ಬಸಣ್ಣ ಇನ್ನೊಂದು ಕಡೆ. ಕೊನೆಗೆ ಜೋಕುಮಾರನಂತೆಯೇ ಬಸಣ್ಣನೂ ಪ್ರಾಣ ಕೊಡುತ್ತಾನೆ. ಹೆಣ್ಣು ಯಾರ ಆಸ್ತಿ, ನೆಲ ಯಾರ ಆಸ್ತಿ, ಉತ್ತವನದೋ ಹೆಸರು ಬರೆಸಿಕೊಂಡವನದೋ ಎಂಬ ಪ್ರಶ್ನೆಗಳು ಹಾಡಿನ ನಡುವಿನಿಂದಲೇ ಏಳುತ್ತವೆ. ಗೇಣಿದಾರನಿಗೆ ಭೂಮಿ ಕೊಡುವ ಭೂಸುಧಾರಣೆಯ ತಿದ್ದುಪಡಿ ಕಾನೂನು ನಮ್ಮ ರಾಜ್ಯದಲ್ಲಿ ಜಾರಿಗೆ ಬಂದದ್ದು ೧೯೭೪ರ ಮಾರ್ಚ್ ೧ರಂದು. ಅದಕ್ಕೆ ಎರಡು ವರ್ಷ ಮೊದಲೇ ಆಟದಲ್ಲಿ ಆ ಮಾತು ಕೇಳಿಬಂದಿತ್ತೆಂಬುದನ್ನು ನೆನಪಿನಲ್ಲಿಡಿ. ಹಳೆಯ ಮಟ್ಟು ಹೊಸ ನ್ಯಾಯ ಕೇಳಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

'ಹಳ್ಳಿಯ ಮಟ್ಟನ್ನು ತೆಗೆದುಕೊಂಡರೆ ಯಾರಾದರೂ ಜನಪ್ರಿಯರಾಗಬಹುದು, ಅದರಲ್ಲಿ ಕವಿಯದೇನು ಹೆಚ್ಚುಗಾರಿಕೆ?' ಎಂದು ಕೆಲವರು ಕೇಳುವುದುಂಟು. ಪ್ರಶ್ನೆ ತಳ್ಳಿಹಾಕುವಂಥದಲ್ಲ. ಮಟ್ಟೊಂದನ್ನು ಎತ್ತಿಕೊಂಡು ಅದೇ ಹಳೆಯ ಮಾತನ್ನು ಅಲಂಕರಿಸಿ ಹೇಳುವವನು ನಕಲುಗಾರನೇ ಸರಿ. ಕಂಬಾರರು ಹಾಗೆ ಮಾಡಲಿಲ್ಲ. ಚೀನದ ಮಾವೋತ್ಸೆತುಂಗನ ಮೇಲೆ ಅವರು ಬರೆದು ಹಾಡಿದ ಪದವು ಬೆಳಗಾವಿಯ ಗೀತದ ಧಾಟಿಯಲ್ಲಿದೆ. ಘೋಡಗೇರಿಗೂ ಪೀಕಿಂಗಿಗೂ ಎಲ್ಲಿಯ ಸಂಬಂಧ! ಆದರೂ ಹಾಡುವಾಗ ಅದು ವಿಪರೀತವೆನಿಸುವುದಿಲ್ಲ. ದೂರದ ಸಂಗತಿಯು ಹತ್ತಿರದ ಧಾಟಿಯಲ್ಲಿ ಬಂದು ಕೂತಾಗ ಕೇಳುವವನು ಎರಡನ್ನೂ ಹೊಸದಾಗಿ ನೋಡುತ್ತಾನೆ. ಧಾಟಿಗೂ ಅರ್ಥಕ್ಕೂ ನಡುವೆ ಇಂಥ ಎಳೆದಾಟವಿದ್ದರೆ ಮಾತ್ರ ಹಾಡು ಸಪ್ಪೆಯಾಗದು. ಇದು ಅವರ ಹೆಚ್ಚುಗಾರಿಕೆ.

ಎರಡನೆಯ ಮನೆ ಸಿನಿಮಾ. 'ಕರಿಮಾಯಿ' ಎಂಬ ತಮ್ಮ ಕಾದಂಬರಿಯನ್ನು ಚಿತ್ರಮಾಡಿದ ಮೇಲೆ, ೧೯೭೯ರಲ್ಲಿ ಅವರು 'ಕಾಡುಕುದುರೆ' ಚಿತ್ರವನ್ನು ನಿರ್ದೇಶಿಸಿದರು. ಕಥೆ ಅವರದು, ಹಾಡು ಅವರದು, ಸಂಗೀತವೂ ಅವರದೇ. ಅದರ ಶೀರ್ಷಿಕೆಗೀತೆಯನ್ನು ಹಾಡಿದವರು ಶಿವಮೊಗ್ಗ ಸುಬ್ಬಣ್ಣನವರು. ವೃತ್ತಿಯಿಂದ ವಕೀಲರು, ಬಾನುಲಿಯ ಸುಗಮಸಂಗೀತದಿಂದ ಹೆಸರಾದವರು. ೧೯೭೮ನೆಯ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಉತ್ತಮ ಹಿನ್ನೆಲೆ ಗಾಯಕನ ಮನ್ನಣೆ ಆ ಹಾಡಿಗೆ ದೊರೆಯಿತು. ಆ ಮನ್ನಣೆ ಪಡೆದ ಮೊದಲ ಕನ್ನಡಿಗರು ಸುಬ್ಬಣ್ಣನವರೇ. ೨೦೨೨ರಲ್ಲಿ ಅವರು ತೀರಿಕೊಂಡಾಗ ನಾಡಿನ ಮನೆಮನೆಯಲ್ಲಿ ಮತ್ತೆ ಕೇಳಿಬಂದದ್ದು ಆ ಹಾಡು. ಒಬ್ಬ ಕಂಬಾರರ ಹುಡುಗ ಕಿವಿಯಲ್ಲಿ ಹೊತ್ತು ತಂದ ಗತ್ತು ಒಬ್ಬ ವಕೀಲರ ಕಂಠದಲ್ಲಿ ನೆಲೆಗೊಂಡಿತು. ಕಟ್ಟಿದವನೇ ಹಾಡಬೇಕೆಂಬ ನಿಯಮವನ್ನೂ ಹಾಡು ಹೀಗೆ ದಾಟಿತು.

ಮೂರನೆಯ ಮನೆಯು ನಮ್ಮ ಜಿಲ್ಲೆಯಲ್ಲಿಯೇ ಇದೆ. ನಮ್ಮ ಹರಪನಹಳ್ಳಿ ತಾಲ್ಲೂಕಿನ ಮೇಲೆ ಗಡಿಯ ಗೆರೆಗಳು ಎಷ್ಟು ಸಲ ಹರಿದಾಡಿವೆಯೆಂದು ಹಿರಿಯರು ಬಲ್ಲರು. ೧೯೫೩ಕ್ಕೆ ಮೊದಲು ಬಳ್ಳಾರಿಯೊಡನೆ ಮದ್ರಾಸಿನಲ್ಲಿದ್ದೆವು, ಆಮೇಲೆ ಮೈಸೂರಿಗೆ ಬಂದೆವು. ೧೯೯೭ರಲ್ಲಿ ದಾವಣಗೆರೆ ಜಿಲ್ಲೆ, ತಿರುಗಿ ಬಳ್ಳಾರಿ, ೨೦೨೧ರಿಂದ ವಿಜಯನಗರ ಜಿಲ್ಲೆ. ಗೆರೆ ಎಲ್ಲಿ ಬಿದ್ದರೂ ಜೋಕುಮಾರನ ಬುಟ್ಟಿ ಮಾತ್ರ ಅದೇ ಓಣಿಯಲ್ಲಿ ಬಂದಿತು! ಇರಲಿ. ಹಂಪಿಯ ಬಳಿ ೧೯೯೧ರಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯಕ್ಕೆ ಕಂಬಾರರು ಮೊದಲ ಕುಲಪತಿಗಳಾದರು. ಅದಕ್ಕೂ ಮುಂಚೆ ಅವರು 'ಸಂಗ್ಯಾ ಬಾಳ್ಯಾ' ಸಣ್ಣಾಟವನ್ನು ಸಂಪಾದಿಸಿದ್ದರು, ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಮೇಲೆ ಪ್ರೌಢ ಪ್ರಬಂಧ ಬರೆದಿದ್ದರು, ೧೯೮೫ರಲ್ಲಿ ಕನ್ನಡ ಜಾನಪದ ವಿಶ್ವಕೋಶದ ಎರಡು ಸಂಪುಟಗಳನ್ನು ಹೊರತಂದಿದ್ದರು. ವಿಶ್ವವಿದ್ಯಾಲಯವು ಮಂಟೇಸ್ವಾಮಿ, ಮಲೆಯ ಮಾದೇಶ್ವರರಂಥ ಕಾವ್ಯಗಳನ್ನು ಹಾಡುಗಾರರ ಬಾಯಿಂದಲೇ ಬರೆದುಕೊಂಡು ಅಚ್ಚುಮಾಡಿತು. ಅಕ್ಷರವನ್ನೇ ಕಲಿಯದ, ಸಂಡೂರು ತಾಲ್ಲೂಕಿನ ಬುರ್ರಕಥೆಯ ದರೋಜಿ ಈರಮ್ಮನಿಗೆ 'ನಾಡೋಜ' ಪದವಿಯನ್ನಿತ್ತು ಗೌರವಿಸಿತು. ನಾಡೋಜನೆಂದರೆ ನಾಡಿಗೆ ಗುರು. ಪಂಪನನ್ನು ಕರೆದ ಹೆಸರು. ಹಾಡಿ ಕಲಿತವರೂ ಓದಿ ಕಲಿತವರಷ್ಟೇ ವಿದ್ವಾಂಸರೆಂದು ಒಂದು ವಿಶ್ವವಿದ್ಯಾಲಯ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ.

ಮನ್ನಣೆಗಳು ಬಂದವು. ೧೯೮೩ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ನಾಟಕಕಾರನಿಗೆ. ೧೯೯೧ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ 'ಸಿರಿಸಂಪಿಗೆ' ಎಂಬ ನಾಟಕಕ್ಕೆ. ೨೦೧೦ನೆಯ ಸಾಲಿನ ಜ್ಞಾನಪೀಠ ಒಟ್ಟು ಸಾಹಿತ್ಯಕ್ಕೆ. ೨೦೦೧ರಲ್ಲಿ ಪದ್ಮಶ್ರೀ, ೨೦೨೧ರಲ್ಲಿ ಪದ್ಮಭೂಷಣ. ೨೦೧೮ರಿಂದ ೨೦೨೩ರವರೆಗೆ ಅವರು ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರಾಗಿದ್ದರು. ನಡುವೆ ೨೦೧೯ರ ಜನವರಿಯಲ್ಲಿ ಧಾರವಾಡದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ. ಈ ಪಟ್ಟಿಯನ್ನು ಓದುವಾಗ ಒಂದು ವಿಚಾರ ಮನಸ್ಸಿಗೆ ಬರುತ್ತದೆ. ಪ್ರತಿಯೊಂದು ಮನ್ನಣೆಯೂ ಒಂದೊಂದು ಕಪಾಟಿನಿಂದ ಬಂದದ್ದು. ಬರೆದದ್ದಕ್ಕೆ ಮನ್ನಣೆ ಸಂದಿದೆ, ಆಡಿದ್ದಕ್ಕೆ ಸಂದಿದೆ. ಇವೆಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿದ ಹಾಡುಗಾರಿಕೆಗೆಂದು ಬಂದದ್ದು ಈ ಪಟ್ಟಿಯಲ್ಲಿ ಒಂದೂ ಇಲ್ಲ. ಇದು ಕಂಬಾರರಿಗೆ ಆದ ಕೊರತೆಯೆಂದು ನಾನು ಹೇಳುವುದಿಲ್ಲ. ನಮ್ಮ ಲೆಕ್ಕದ ಪುಸ್ತಕದಲ್ಲಿ ಆ ಕಲಮೇ ಇಲ್ಲವೆಂಬುದನ್ನು ತೋರಿಸುತ್ತಿದ್ದೇನೆ.

ಆ ಕಲಮು ಇಲ್ಲದ್ದರಿಂದ ಆಗುವ ನಷ್ಟ ನಮ್ಮ ಕಣ್ಣೆದುರಿಗೇ ಇದೆ. ಕವಿಯ ಪುಸ್ತಕದಲ್ಲಿ ಮಾತು ಅಚ್ಚಾಗುತ್ತದೆ, ಮಟ್ಟು ಅಚ್ಚಾಗುವುದಿಲ್ಲ. ಕಂಬಾರರ ಪದಗಳ ಧಾಟಿ ಅವರ ಕಂಠದಲ್ಲಿ, ಸುಬ್ಬಣ್ಣನಂಥವರ ಕಂಠದಲ್ಲಿ ದಾಖಲಾಗಿದೆ, ಆದ್ದರಿಂದ ಅವು ಬದುಕಿದವು. ಹಳ್ಳಿಯ ದೊಡ್ಡಾಟದ ಮಾಸ್ತರರ ಗತಿ ಏನು? ಅವರ ಮನೆಯ ಗಂಟಿನಲ್ಲಿ ಕೈಬರಹದ ಆಟದ ಪ್ರತಿ ಇರುತ್ತದೆ. ಪ್ರತಿ ಪದದ ಮೇಲೆ ರಾಗದ ಹೆಸರೂ ತಾಳದ ಹೆಸರೂ ಇರುತ್ತದೆ. ಆದರೆ ಆ ಹೆಸರಿನ ರಾಗವನ್ನು ಆ ಮೇಳದಲ್ಲಿ ಹೇಗೆ ಎಳೆಯುತ್ತಿದ್ದರು, ಎಲ್ಲಿ ನಿಲ್ಲಿಸುತ್ತಿದ್ದರು, ಹಿಮ್ಮೇಳ ಎಲ್ಲಿ ಎತ್ತಿಕೊಳ್ಳುತ್ತಿತ್ತು ಎಂಬುದು ಕಾಗದದಲ್ಲಿರುವುದಿಲ್ಲ. ಮಾಸ್ತರರು ತೀರಿಕೊಂಡ ದಿನ ಪ್ರತಿ ಉಳಿಯುತ್ತದೆ, ಪದ ಹೋಗುತ್ತದೆ. ವ್ಯಾಕರಣದ ಪದ ಉಳಿದು ಓಣಿಯ ಪದ ಹೋಯಿತೆಂದರೂ ಸರಿಯೆ.

ಆದ್ದರಿಂದ ತಮ್ಮಲ್ಲಿ ಒಂದು ಬಿನ್ನಹ. ತಮ್ಮ ಮನೆಯಲ್ಲಿ ರೇಡಿಯೋ ಇದೆ, ಕೈಯಲ್ಲಿ ಮೊಬೈಲ್ ಫೋನೂ ಇದೆ. ಧ್ವನಿ ಹಿಡಿದಿಡುವ ಯಂತ್ರವಾಗಿಯೂ ಅದು ಕೆಲಸಮಾಡುತ್ತದೆ. ಮನೆಯಲ್ಲಿ ಪದ ಬಲ್ಲ ಹಿರಿಯರಿದ್ದರೆ, ನೆರೆಯಲ್ಲಿ ಆಟದ ಮಾಸ್ತರರಿದ್ದರೆ, ಬರುವ ಭಾದ್ರಪದದಲ್ಲಿ ಜೋಕುಮಾರನ ಬುಟ್ಟಿ ಬಾಗಿಲಿಗೆ ಬಂದರೆ, ಅವರ ಒಪ್ಪಿಗೆ ಪಡೆದು ಪದವನ್ನು ಪೂರ್ತಿಯಾಗಿ ಹಿಡಿದಿಡಿ. ಪದದ ಕೊನೆಗೆ ಹಾಡಿದವರ ಹೆಸರು, ಊರು, ಅವರಿಗೆ ಕಲಿಸಿದವರು ಯಾರು, ಯಾವ ಹೊತ್ತಿಗೆ ಹಾಡುವ ಪದವಿದು ಎಂಬ ನಾಲ್ಕು ಸಂಗತಿಗಳನ್ನು ಅವರ ಬಾಯಿಂದಲೇ ಹೇಳಿಸಿರಿ. ಈ ನಾಲ್ಕು ಮಾತಿಲ್ಲದ ಧ್ವನಿ, ವಿಳಾಸ ಬರೆಯದ ಕಾಗದದಂತೆ. ಅಷ್ಟಾದ ಮೇಲೆ ಮನೆಯ ಮಕ್ಕಳನ್ನು ಕೂರಿಸಿಕೊಂಡು ಅದನ್ನೇ ಹೇಳಿಸಿರಿ. ಯಂತ್ರದಲ್ಲಿಟ್ಟದ್ದು ನೆನಪು, ಮಗುವಿನ ಬಾಯಿಗೆ ಬಂದದ್ದು ಪದ.

ಆ ಮಕ್ಕಳೆಲ್ಲ ಕಂಬಾರರಾಗುತ್ತಾರೆಂದು ನಾನು ಹೇಳಲಾರೆ. ಆದರೆ ಘೋಡಗೇರಿಯ ಹುಡುಗನ ಕಿವಿಗೆ ಯಾರೋ ಹಿರಿಯರು ಹೆಸರಿನ ಹಂಗಿಲ್ಲದೆ ಪದ ಹೇಳಿದ್ದರಿಂದಲ್ಲವೇ ಅವು ಹೊಸ ಪದಗಳಾಗಿ ನಾಡಿನ ಬಾಗಿಲಿಗೆಲ್ಲ ಬಂದದ್ದು? ತೆಲಿಗಿಯ ಓಣಿಯಲ್ಲೂ ಅಂಥ ಹಿರಿಯರಿದ್ದಾರೆ, ಅಂಥ ಕಿವಿಗಳೂ ಇವೆ. ನಡುವೆ ಕೇಳುವ ವ್ಯವಧಾನವೊಂದನ್ನು ನಾವು ಒದಗಿಸಿಕೊಟ್ಟರೆ ಸಾಕು. ಇಷ್ಟನ್ನು ಅರಿಕೆ ಮಾಡಿಕೊಂಡು ವಿರಮಿಸುತ್ತೇನೆ.